ಬೆಂಗಳೂರಿನ ತಂಡ, ಸಾಂಗ್ಲಿಯ ನಾಯಕಿ

ಮಕ್ಕಳೇ, ನಿಮ್ಮಲ್ಲಿ ಕೆಲವರು ಸಾಫ್ಟ್‌ಬಾಲ್ ಆಟವನ್ನು ನೋಡಿರಬಹುದು. ನಮ್ಮ ಮಹಾರಾಷ್ಟ್ರದ ಶಾಲಾ ಕ್ರೀಡಾಸ್ಪರ್ಧೆಗಳಲ್ಲಿ ಈ ಆಟವೂ ಉಂಟು. ಒಂದು ತಂಡದಲ್ಲಿ ಒಂಬತ್ತು ಜನ ಆಟಗಾರರು. ದಾಂಡು ಉದ್ದವಾಗಿ, ದುಂಡಗೆ ಇರುತ್ತದೆ. ಚೆಂಡು ಕ್ರಿಕೆಟ್ ಚೆಂಡಿಗಿಂತ ದೊಡ್ಡದು. ಕೈಯನ್ನು ಕೆಳಗಿನಿಂದ ಮುಂದಕ್ಕೆ ಬೀಸಿ ಅದನ್ನು ಎಸೆಯಬೇಕು. ಈ ಆಟ ಹುಟ್ಟಿದ್ದು 1887ರಲ್ಲಿ, ಅಮೆರಿಕದ ಶಿಕಾಗೋ ಪಟ್ಟಣದಲ್ಲಿ. ಅಲ್ಲಿ ಹೆಣ್ಣುಮಕ್ಕಳು ಇದನ್ನು ಬಹಳ ಇಷ್ಟಪಟ್ಟು ಆಡುತ್ತಾರೆ. 1976ರಲ್ಲಿ ಅವರಿಗಾಗಿಯೇ ಒಂದು ವೃತ್ತಿಪರ ಲೀಗ್ ಅಲ್ಲಿ ಆರಂಭವಾಯಿತು. ಕನೆಕ್ಟಿಕಟ್ ಫಾಲ್ಕನ್ಸ್ ಎಂಬ ತಂಡವು ಅದರಲ್ಲಿ ನಾಲ್ಕು ವರ್ಷವೂ ಗೆದ್ದಿತು. ಆದರೆ ನಾಲ್ಕು ಹಂಗಾಮು ಮುಗಿಯುವಷ್ಟರಲ್ಲಿ ಲೀಗೇ ಮುಚ್ಚಿಹೋಯಿತು!

'ವೃತ್ತಿಪರ' ಎಂದರೇನು? ವೃತ್ತಿ ಎಂದರೆ ಉದ್ಯೋಗ. ಕುಂಬಾರನಿಗೆ ಗಡಿಗೆ ಮಾಡುವುದು ವೃತ್ತಿ. ಬಡಿಗನಿಗೆ ಮರಗೆಲಸ ವೃತ್ತಿ. ಹಾಗೆಯೇ ಆಟವನ್ನೇ ಉದ್ಯೋಗವನ್ನಾಗಿ ಮಾಡಿಕೊಂಡು, ಅದರಿಂದ ಬಂದ ಸಂಬಳದಲ್ಲಿ ಬದುಕುವವರು ವೃತ್ತಿಪರ ಆಟಗಾರರು. ಗಂಡಸರ ಆಟಗಳಲ್ಲಿ ಇಂಥ ತಂಡಗಳು ಬಹಳ ಹಿಂದಿನಿಂದಲೂ ಇವೆ. ಹೆಣ್ಣುಮಕ್ಕಳಿಗೆ ಮಾತ್ರ ಬಹಳ ಕಾಲ, "ಆಡುವುದಾದರೆ ಆಡಿರಿ, ಆದರೆ ಹೊಟ್ಟೆಪಾಡಿಗೆ ಬೇರೆ ಕೆಲಸ ನೋಡಿಕೊಳ್ಳಿರಿ" ಎಂದೇ ಹೇಳಲಾಗುತ್ತಿತ್ತು. ನಮ್ಮ ಭಾಗದವರಿಗೆ ತಿಳಿದ ಒಂದು ಹೆಣ್ಣುಮಕ್ಕಳ ವೃತ್ತಿಪರ ತಂಡದ ಕಥೆಯನ್ನು ಈ ಪಾಠದಲ್ಲಿ ಓದೋಣ. ಅದು ಸಾಫ್ಟ್‌ಬಾಲ್ ತಂಡವಲ್ಲ, ಕ್ರಿಕೆಟ್ ತಂಡ. ಅದರ ಹೆಸರು ರಾಯಲ್ ಚಾಲೆಂಜರ್ಸ್ ಬೆಂಗಳೂರು. ಚಿಕ್ಕದಾಗಿ ಆರ್‌ಸಿಬಿ ಎನ್ನುತ್ತಾರೆ. ತಂಡ ಕರ್ನಾಟಕದ್ದು. ಅದರ ನಾಯಕಿ ಮಾತ್ರ ನಮ್ಮ ರಾಜ್ಯದ ಸಾಂಗ್ಲಿಯವರು.

ತಂಡದ ಕಥೆಗೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದಲ್ಲಿ ಸಾಫ್ಟ್‌ಬಾಲ್ ಲೀಗ್ ಶುರುವಾದ ಅದೇ 1976ರಲ್ಲಿ, ಅಕ್ಟೋಬರ್ 31ರಂದು, ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ಆಡಲು ಮೈದಾನಕ್ಕೆ ಇಳಿದರು. ಎದುರಾಳಿ ವೆಸ್ಟ್ ಇಂಡೀಸ್. ಪಂದ್ಯ ನಡೆದದ್ದು ಬೆಂಗಳೂರಿನಲ್ಲಿ. ನಾಯಕಿಯೂ ಕರ್ನಾಟಕದವರೇ, ಶಾಂತಾ ರಂಗಸ್ವಾಮಿ. ಆ ಪಂದ್ಯ ಸಮ ಆಯಿತು. ಮುಂದೆ ನವೆಂಬರದಲ್ಲಿ ಪಟ್ನಾದಲ್ಲಿ ನಡೆದ ಪಂದ್ಯದಲ್ಲಿ ಅವರ ತಂಡ ಗೆದ್ದಿತು. ಅದು ನಮ್ಮ ಮಹಿಳೆಯರ ಮೊದಲ ಟೆಸ್ಟ್ ಗೆಲುವು. ಮರುವರ್ಷ ನ್ಯೂಜಿಲೆಂಡಿನ ಡ್ಯುನೆಡಿನ್ ಎಂಬಲ್ಲಿ ಶಾಂತಾ ಅವರು ನೂರು ರನ್ ಹೊಡೆದರು. ಟೆಸ್ಟಿನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಮಹಿಳೆ ಅವರೇ.

ಇಷ್ಟು ದೊಡ್ಡ ಆಟಗಾರ್ತಿಯರು ಪಂದ್ಯಕ್ಕೆ ಹೇಗೆ ಹೋಗುತ್ತಿದ್ದರು ಗೊತ್ತೇ? ರೈಲಿನಲ್ಲಿ, ಸೀಟು ಕಾದಿರಿಸದ ಡಬ್ಬಿಯಲ್ಲಿ! ದಾಂಡು, ಪ್ಯಾಡು, ಹಾಸಿಗೆಯ ಸುರುಳಿ ಎಲ್ಲವನ್ನೂ ತಾವೇ ಹೊತ್ತುಕೊಂಡು ಹೋಗುತ್ತಿದ್ದರು. ಮಲಗುವುದು ಎಲ್ಲರೂ ಒಂದೇ ದೊಡ್ಡ ಕೋಣೆಯಲ್ಲಿ. ಆಡಿದ್ದಕ್ಕೆ ಸಂಬಳ ಎಂಬ ಮಾತೇ ಇರಲಿಲ್ಲ. ಅವರಲ್ಲಿ ಹಲವರು ಬ್ಯಾಂಕು, ರೈಲ್ವೆಗಳಲ್ಲಿ ನೌಕರಿ ಮಾಡಿ, ಉಳಿದ ಹೊತ್ತಿನಲ್ಲಿ ಆಟ ಆಡುತ್ತಿದ್ದರು. ಬಹಳ ವರ್ಷ ಸ್ಥಿತಿ ಹೀಗೆಯೇ ಇತ್ತು. 2005ರಲ್ಲಿ ಭಾರತದ ಮಹಿಳೆಯರು ವಿಶ್ವಕಪ್ಪಿನ ಫೈನಲ್ ತಲುಪಿದರು. ಆಗ ತಮಗೆ ಒಂದು ಪಂದ್ಯಕ್ಕೆ ಸಾವಿರ ರೂಪಾಯಿ ಸಿಕ್ಕಿತ್ತು ಎಂದು ಆ ತಂಡದ ನಾಯಕಿ ಮಿತಾಲಿ ರಾಜ್ ಅವರು ಮುಂದೆ ಹೇಳಿದ್ದಾರೆ. 2006ರಲ್ಲಿ ಮಹಿಳಾ ಕ್ರಿಕೆಟ್ಟು ಭಾರತೀಯ ಕ್ರಿಕೆಟ್ ಮಂಡಳಿಯ ಕೈಗೆ ಬಂದಿತು. ಅಲ್ಲಿಂದ ಪರಿಸ್ಥಿತಿ ನಿಧಾನವಾಗಿ, ಬಹಳ ನಿಧಾನವಾಗಿ ಸುಧಾರಿಸಿತು.

2017ರ ಜುಲೈ 23ರಂದು ಒಂದು ಘಟನೆ ನಡೆಯಿತು. ಇಂಗ್ಲೆಂಡಿನ ಲಾರ್ಡ್ಸ್ ಮೈದಾನದಲ್ಲಿ ವಿಶ್ವಕಪ್ಪಿನ ಫೈನಲ್. ಭಾರತ ಕೇವಲ ಒಂಬತ್ತು ರನ್ನುಗಳಿಂದ ಸೋತಿತು. ಸೋತರೂ ಆ ದಿನ ದೇಶದ ಮನೆಮನೆಗಳಲ್ಲಿ ಜನರು ಟಿ.ವಿ. ಮುಂದೆ ಕುಳಿತಿದ್ದರು. ಆ ತಂಡದಲ್ಲಿ ಕನ್ನಡ ನಾಡಿನ ಇಬ್ಬರು ಇದ್ದರು. ಒಬ್ಬರು ಕಡೂರಿನ ವೇದಾ ಕೃಷ್ಣಮೂರ್ತಿ. ಇನ್ನೊಬ್ಬರು ವಿಜಯಪುರದ ರಾಜೇಶ್ವರಿ ಗಾಯಕವಾಡ. ವಿಜಯಪುರ ನಮಗೇನು ದೂರವಲ್ಲ, ಸೋಲಾಪುರ ದಾಟಿದರೆ ಮುಂದಿನ ಜಿಲ್ಲೆಯೇ ಅದು. ನ್ಯೂಜಿಲೆಂಡಿನ ವಿರುದ್ಧದ ಪಂದ್ಯದಲ್ಲಿ ರಾಜೇಶ್ವರಿ ಅವರು ಕೇವಲ 15 ರನ್ ಕೊಟ್ಟು ಐದು ವಿಕೆಟ್ ಪಡೆದಿದ್ದರು. ಅದೇ ತಂಡದಲ್ಲಿ ಎಡಗೈಯಿಂದ ಬ್ಯಾಟು ಬೀಸುವ, ಇಪ್ಪತ್ತೊಂದು ವರ್ಷದ ಮತ್ತೊಬ್ಬ ಹುಡುಗಿಯೂ ಇದ್ದಳು. ಅವಳೇ ಸ್ಮೃತಿ ಮಂಧಾನಾ.

ಸ್ಮೃತಿ ಹುಟ್ಟಿದ್ದು ಮುಂಬಯಿಯಲ್ಲಿ, 1996ರ ಜುಲೈ 18ರಂದು. ಬೆಳೆದದ್ದು ಸಾಂಗ್ಲಿಯ ಮಾಧವನಗರದಲ್ಲಿ. ಅಣ್ಣ ಶ್ರವಣ ಕ್ರಿಕೆಟ್ ಆಡುತ್ತಿದ್ದ. ತಂಗಿ ಅವನ ಹಿಂದೆಯೇ ಮೈದಾನಕ್ಕೆ ಹೋಗುತ್ತಿದ್ದಳು. ಅಣ್ಣನ ಹೆಸರು ಪತ್ರಿಕೆಯಲ್ಲಿ ಬಂದಾಗ ತನ್ನ ಹೆಸರೂ ಹೀಗೆ ಬರಬೇಕು ಎಂದು ಅವಳಿಗೆ ಆಸೆಯಾಯಿತು. ಒಂಬತ್ತನೆಯ ವಯಸ್ಸಿಗೇ ಅವಳು ಮಹಾರಾಷ್ಟ್ರದ 15 ವರ್ಷದೊಳಗಿನವರ ತಂಡಕ್ಕೆ ಆಯ್ಕೆಯಾದಳು. ಹನ್ನೊಂದಕ್ಕೆ 19 ವರ್ಷದೊಳಗಿನವರ ತಂಡಕ್ಕೂ ಬಂದಳು. ತನಗಿಂತ ಏಳೆಂಟು ವರ್ಷ ದೊಡ್ಡವರಾದ ಅಕ್ಕಂದಿರ ನಡುವೆ ಈ ಪುಟ್ಟ ಹುಡುಗಿ! ಎಷ್ಟೋ ಪಂದ್ಯಗಳಲ್ಲಿ ಹೊರಗೆ ಕುಳಿತು ನೋಡುವುದೇ ಅವಳ ಪಾಲಿಗೆ ಬರುತ್ತಿತ್ತು. 2013ರ ಅಕ್ಟೋಬರದಲ್ಲಿ ವಡೋದರಾ ಪಟ್ಟಣದಲ್ಲಿ ಗುಜರಾತದ ವಿರುದ್ಧ ಒಂದು ದಿನದ ಪಂದ್ಯ ನಡೆಯಿತು. ಅದರಲ್ಲಿ ಅವಳು ಔಟಾಗದೆ 224 ರನ್ ಹೊಡೆದಳು. ಒಂದು ದಿನದ ಪಂದ್ಯದಲ್ಲಿ ದ್ವಿಶತಕ ಹೊಡೆದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡಳು. ಆ ದಿನ ಅವಳ ಕೈಯಲ್ಲಿದ್ದ ಬ್ಯಾಟು ಯಾರದು ಬಲ್ಲಿರಾ? ಬೆಂಗಳೂರಿನ ರಾಹುಲ್ ದ್ರಾವಿಡ್ ಅವರದು. ಅವರು ಶ್ರವಣನಿಗೆ ಕೊಟ್ಟಿದ್ದ ಬ್ಯಾಟು ತಂಗಿಯ ಕೈಗೆ ಬಂದಿತ್ತು. ಹೀಗೆ ಸಾಂಗ್ಲಿಗೂ ಬೆಂಗಳೂರಿಗೂ ನಂಟು ಬೆಳೆದದ್ದು ಮೊದಲು ಒಂದು ಬ್ಯಾಟಿನಿಂದ.

ಈಗ ತಂಡದ ಕಥೆಗೆ ಬರೋಣ. ಗಂಡಸರ ಐಪಿಎಲ್ 2008ರಲ್ಲಿಯೇ ಆರಂಭವಾಗಿತ್ತು. ಮಹಿಳೆಯರಿಗೆ ಅಂಥ ಲೀಗ್ ಸಿಗಲು ಹದಿನೈದು ವರ್ಷ ಬೇಕಾಯಿತು. ಅದಕ್ಕೆ ಸ್ವಲ್ಪ ಮೊದಲು, 2022ರ ಅಕ್ಟೋಬರದಲ್ಲಿ, ಕ್ರಿಕೆಟ್ ಮಂಡಳಿಯು ಒಂದು ಒಳ್ಳೆಯ ನಿರ್ಧಾರ ಕೈಕೊಂಡಿತು. ದೇಶಕ್ಕಾಗಿ ಆಡುವ ಗಂಡಸರಿಗೂ ಹೆಂಗಸರಿಗೂ ಒಂದು ಪಂದ್ಯಕ್ಕೆ ಒಂದೇ ಸಂಭಾವನೆ ಎಂದು ಅದು ಸಾರಿತು. ಟೆಸ್ಟಿಗೆ 15 ಲಕ್ಷ, ಏಕದಿನ ಪಂದ್ಯಕ್ಕೆ 6 ಲಕ್ಷ, ಇಪ್ಪತ್ತು ಓವರುಗಳ ಪಂದ್ಯಕ್ಕೆ 3 ಲಕ್ಷ ರೂಪಾಯಿ. ಮುಂದಿನ ವರ್ಷ, 2023ರ ಜನವರಿ 25ರಂದು, ಮಹಿಳಾ ಪ್ರೀಮಿಯರ್ ಲೀಗಿನ ಐದು ತಂಡಗಳ ಮಾಲೀಕರು ಯಾರು ಎಂಬುದು ನಿಶ್ಚಯವಾಯಿತು. ಮುಂಬಯಿ, ದೆಹಲಿ, ಗುಜರಾತ, ಉತ್ತರ ಪ್ರದೇಶ ಮತ್ತು ಬೆಂಗಳೂರು, ಇವೇ ಆ ಐದು ತಂಡಗಳು. ಬೆಂಗಳೂರು ತಂಡದ ಬೆಲೆ 901 ಕೋಟಿ ರೂಪಾಯಿ. ನಿಮ್ಮ ಗಣಿತದ ವಹಿಯಲ್ಲಿ ಅದನ್ನು ಅಂಕಿಗಳಲ್ಲಿ ಬರೆದು ನೋಡಿರಿ: 9,01,00,00,000.

ಫೆಬ್ರುವರಿ 13ರಂದು ಮುಂಬಯಿಯಲ್ಲಿ ಆಟಗಾರ್ತಿಯರ ಹರಾಜು ನಡೆಯಿತು. ಹರಾಜು ಎಂಬ ಶಬ್ದ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನಮ್ಮ ಕಡೆ ದೇವಣಿ ಎತ್ತುಗಳ ಸಂತೆಯನ್ನು ಕಂಡವರಿಗೆ ಮನುಷ್ಯರ ವಿಷಯದಲ್ಲಿ ಆ ಮಾತು ಸರಿಯೆನಿಸದು. ಆದರೆ ಆ ಆಟದಲ್ಲಿ ಬಳಕೆಯಾಗುವ ಶಬ್ದವೇ ಅದು. ಒಬ್ಬ ಆಟಗಾರ್ತಿಗೆ ಯಾರು ಹೆಚ್ಚು ಹಣ ಕೊಡಲು ಒಪ್ಪುತ್ತಾರೋ ಆ ತಂಡಕ್ಕೆ ಆಕೆ ಆಡಬೇಕು. ಹರಾಜಿನಲ್ಲಿ ಮೊಟ್ಟಮೊದಲು ಕೂಗಿದ ಹೆಸರು ಸ್ಮೃತಿ ಮಂಧಾನಾ ಅವರದು. ಬೆಂಗಳೂರಿನವರು 3 ಕೋಟಿ 40 ಲಕ್ಷ ರೂಪಾಯಿಗೆ ಅವರನ್ನು ಪಡೆದರು. ಆ ದಿನ ಎಲ್ಲರಿಗಿಂತ ಹೆಚ್ಚಿನ ಮೊತ್ತ ಅದೇ. ಮುಂದೆ ಅವರನ್ನೇ ನಾಯಕಿಯನ್ನಾಗಿ ಮಾಡಿದರು.

ಉಳಿದವರೂ ದೇಶದ ಮೂಲೆಮೂಲೆಗಳಿಂದ ಬಂದರು. ವಿಕೆಟ್ ಹಿಂದೆ ನಿಲ್ಲುವ ರಿಚಾ ಘೋಷ್ ಬಂಗಾಲದ ಸಿಲಿಗುಡಿಯವರು. ವೇಗವಾಗಿ ಚೆಂಡು ಎಸೆಯುವ ರೇಣುಕಾ ಸಿಂಗ್ ಹಿಮಾಚಲ ಪ್ರದೇಶದ ಬೆಟ್ಟದ ಹಳ್ಳಿಯವರು. ಕೇರಳದ ತಿರುವನಂತಪುರದಿಂದ ಆಶಾ ಶೋಭನಾ ಬಂದರು. ಬೆಂಗಳೂರಿನ ಹುಡುಗಿ ಶ್ರೇಯಾಂಕಾ ಪಾಟೀಲ ಆಗ ಇಪ್ಪತ್ತರ ಪ್ರಾಯದವರು. ಒಂದು ಪಂದ್ಯದಲ್ಲಿ ಸಾಮಾನ್ಯವಾಗಿ ನಾಲ್ವರು ವಿದೇಶಿ ಆಟಗಾರ್ತಿಯರು ಆಡಬಹುದು ಎಂಬುದು ನಿಯಮ. ಹಾಗಾಗಿ ನ್ಯೂಜಿಲೆಂಡಿನ ಸೋಫಿ ಡಿವೈನ್, ಆಸ್ಟ್ರೇಲಿಯಾದ ಎಲಿಸ್ ಪೆರಿ ಮೊದಲಾದವರೂ ತಂಡ ಸೇರಿದರು. ಪೆರಿ ಎಂಥವರೆಂದರೆ, ಆಸ್ಟ್ರೇಲಿಯಾದ ಪರವಾಗಿ ಕ್ರಿಕೆಟ್ ವಿಶ್ವಕಪ್ಪನ್ನೂ ಆಡಿದ್ದಾರೆ, ಫುಟ್‌ಬಾಲ್ ವಿಶ್ವಕಪ್ಪನ್ನೂ ಆಡಿದ್ದಾರೆ! ತಂಡಕ್ಕೆ ಮಾರ್ಗದರ್ಶನ ಮಾಡಲು ಬಂದವರು ಕ್ರಿಕೆಟ್ ಆಟಗಾರ್ತಿಯೇ ಅಲ್ಲ, ಹೈದರಾಬಾದಿನ ಟೆನಿಸ್ ತಾರೆ ಸಾನಿಯಾ ಮಿರ್ಜಾ. ಉಮರ್ಗಾದ ಮೇಲೆ ಹಾಯುವ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಸಿಗುವ ಹೈದರಾಬಾದೇ ಅದು.

ಇಷ್ಟೆಲ್ಲ ಒಳ್ಳೆಯವರನ್ನು ಕೂಡಿಸಿದ ತಂಡ ಗೆಲ್ಲಲೇಬೇಕಲ್ಲವೇ? ಹಾಗಾಗಲಿಲ್ಲ. 2023ರ ಮಾರ್ಚ್ 5ರಂದು ಮುಂಬಯಿಯಲ್ಲಿ ಮೊದಲ ಪಂದ್ಯ. ದೆಹಲಿ ತಂಡ ಎರಡೇ ವಿಕೆಟ್ ಕಳೆದುಕೊಂಡು 223 ರನ್ ಮಾಡಿತು. ಬೆಂಗಳೂರು 60 ರನ್ನುಗಳಿಂದ ಸೋತಿತು. ಎರಡನೆಯದು ಸೋಲು. ಮೂರನೆಯದು ಸೋಲು. ನಾಲ್ಕು, ಐದು, ಎಲ್ಲವೂ ಸೋಲೇ. ಎಲ್ಲರಿಗಿಂತ ಹೆಚ್ಚು ಹಣ ಪಡೆದ ನಾಯಕಿಯ ಬ್ಯಾಟಿನಿಂದ ರನ್ನುಗಳೂ ಬರಲಿಲ್ಲ. ಟೀಕೆಗಳು ಸುರಿದವು. ಮಾರ್ಚ್ 15ರಂದು ಉತ್ತರ ಪ್ರದೇಶದ ತಂಡದ ವಿರುದ್ಧ ಕೊನೆಗೂ ಮೊದಲ ಗೆಲುವು ದೊರೆಯಿತು. ಪಟಿಯಾಲಾದ ಕನಿಕಾ ಅಹುಜಾ 46 ರನ್ ಹೊಡೆದು ಆ ಗೆಲುವಿಗೆ ಕಾರಣರಾದರು. ಮೂರು ದಿನಗಳ ನಂತರ ಸೋಫಿ ಡಿವೈನ್ 36 ಎಸೆತಗಳಲ್ಲಿ 99 ರನ್ ಹೊಡೆದರು. ನೂರಕ್ಕೆ ಒಂದೇ ಕಡಿಮೆ! ಎಂಟು ಪಂದ್ಯಗಳಲ್ಲಿ ಎರಡು ಗೆಲುವು, ಐದು ತಂಡಗಳಲ್ಲಿ ನಾಲ್ಕನೆಯ ಸ್ಥಾನ. ಮೊದಲ ವರ್ಷದ ಕಥೆ ಇಷ್ಟೇ.

ಮರುವರ್ಷದ ಲೀಗ್ ಆರಂಭವಾದದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಶಾಂತಾ ರಂಗಸ್ವಾಮಿ ಅವರ ತಂಡ 1976ರಲ್ಲಿ ಮೊದಲ ಟೆಸ್ಟ್ ಆಡಿದ ಪಟ್ಟಣದಲ್ಲಿಯೇ ಈಗ ಹೆಣ್ಣುಮಕ್ಕಳ ಆಟ ನೋಡಲು ಜನ ಕಿಕ್ಕಿರಿದರು. ಕೆಂಪು ಅಂಗಿ ತೊಟ್ಟ ಪುಟ್ಟ ಹುಡುಗಿಯರು ತಂದೆತಾಯಿಯರ ಜೊತೆ ಬಂದರು. 2024ರ ಫೆಬ್ರುವರಿ 24ರಂದು ಬೆಂಗಳೂರು ತಂಡದ ಮೊದಲ ಪಂದ್ಯ. ಉತ್ತರ ಪ್ರದೇಶದ ತಂಡ ಗೆಲುವಿನ ಹತ್ತಿರ ಬಂದಿತ್ತು. ಆಗ ಆಶಾ ಶೋಭನಾ ಅವರು ಒಂದೇ ಓವರಿನಲ್ಲಿ ಮೂರು ವಿಕೆಟ್ ಉರುಳಿಸಿದರು. ಒಟ್ಟು 22 ರನ್ ಕೊಟ್ಟು ಐದು ವಿಕೆಟ್. ಬೆಂಗಳೂರು ಎರಡು ರನ್ನುಗಳಿಂದ ಗೆದ್ದಿತು.

ಈ ಆಶಾ ಅವರ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಹರಾಜಿನಲ್ಲಿ ಅವರಿಗೆ ಸಿಕ್ಕಿದ್ದು 10 ಲಕ್ಷ ರೂಪಾಯಿ, ಅಂದರೆ ಎಲ್ಲಕ್ಕಿಂತ ಕಡಿಮೆಯ ಮೊತ್ತ. ವಯಸ್ಸು ಆಗಲೇ ಮೂವತ್ತೆರಡು ದಾಟುತ್ತಿತ್ತು. ಅಷ್ಟು ವರ್ಷ ಆಡಿದರೂ ಭಾರತ ತಂಡದ ಬಾಗಿಲು ಅವರಿಗೆ ತೆರೆದಿರಲಿಲ್ಲ. ಈ ಲೀಗಿನಲ್ಲಿ ಚೆನ್ನಾಗಿ ಆಡಿದ ಮೇಲೆ, 2024ರ ಮೇ ತಿಂಗಳಲ್ಲಿ, ಬಾಂಗ್ಲಾದೇಶದ ವಿರುದ್ಧ ಅವರು ಭಾರತದ ಪರವಾಗಿ ಮೊದಲ ಪಂದ್ಯ ಆಡಿದರು. ಆಗ ಅವರಿಗೆ ಮೂವತ್ತಮೂರು ವರ್ಷ. ಹೆಣ್ಣುಮಕ್ಕಳ ಲೀಗಿನಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಸ್ಮೃತಿ ಅವರ 3 ಕೋಟಿಯನ್ನು ತೋರಿಸುವುದಿಲ್ಲ, ಆಶಾ ಅವರನ್ನು ತೋರಿಸುತ್ತೇನೆ. ಹಿಂದಿನ ಕಾಲದಲ್ಲಾಗಿದ್ದರೆ ಅವರು ಎಂದೋ ಆಟ ಬಿಟ್ಟು ಮನೆಯಲ್ಲಿರಬೇಕಾಗುತ್ತಿತ್ತು.

ಮಾರ್ಚ್ 4ರಂದು ಒಂದು ತಮಾಷೆಯ ಸಂಗತಿ ನಡೆಯಿತು. ಬಹುಮಾನಕ್ಕೆಂದು ಮೈದಾನದ ಅಂಚಿನಲ್ಲಿ ಒಂದು ಹೊಸ ಕಾರನ್ನು ನಿಲ್ಲಿಸಿದ್ದರು. ಎಲಿಸ್ ಪೆರಿ ಹೊಡೆದ ಸಿಕ್ಸರ್ ನೇರವಾಗಿ ಹೋಗಿ ಆ ಕಾರಿನ ಕಿಟಕಿಯ ಗಾಜಿಗೆ ಬಡಿಯಿತು. ಗಾಜು ಪುಡಿಪುಡಿ! ಪೆರಿ ಎರಡೂ ಕೈಗಳಿಂದ ತಲೆ ಹಿಡಿದುಕೊಂಡರು. ನಿಮ್ಮ ಚೆಂಡು ಪಕ್ಕದ ಮನೆಯ ಕಿಟಕಿಗೆ ತಗುಲಿದಾಗ ನೀವು ಏನು ಮಾಡುತ್ತೀರೋ ಅದನ್ನೇ ಅವರೂ ಮಾಡಿದರು. ಆದರೆ ಇಲ್ಲಿ ಯಾರೂ ಬೈಯಲಿಲ್ಲ. ಮುಂದೆ ಆ ಗಾಜಿನ ಚೂರುಗಳನ್ನೇ ಚೌಕಟ್ಟಿನಲ್ಲಿ ಹಾಕಿ ಅವರಿಗೆ ಕಾಣಿಕೆಯಾಗಿ ಕೊಟ್ಟರು.

ಆ ಬಳಿಕ ಪಂದ್ಯಗಳು ದೆಹಲಿಗೆ ಹೋದವು. ಅಲ್ಲಿ ಮಾರ್ಚ್ 10ರ ರಾತ್ರಿ ದೆಹಲಿಯ ತಂಡವು 181 ರನ್ ಮಾಡಿತು. ಬೆಂಗಳೂರಿನ ಪರವಾಗಿ ರಿಚಾ ಘೋಷ್ ಹೋರಾಡಿ 51 ರನ್ ಹೊಡೆದರು. ಕೊನೆಯ ಎಸೆತಕ್ಕೆ ಎರಡು ರನ್ ಬೇಕು. ರಿಚಾ ಓಡಿದರು. ಗೆರೆ ಮುಟ್ಟುವ ಮೊದಲೇ ರನ್ ಔಟ್. ಒಂದೇ ರನ್ನಿನ ಸೋಲು. ಇಪ್ಪತ್ತು ವರ್ಷದ ಆ ಹುಡುಗಿ ನೆಲದ ಮೇಲೆ ಕುಸಿದು ಅತ್ತುಬಿಟ್ಟಳು. ಎದುರು ತಂಡದವರೇ ಬಂದು ಅವಳನ್ನು ಸಮಾಧಾನಪಡಿಸಿದರು.

ಮುಂದಿನ ಪಂದ್ಯ ಮುಂಬಯಿ ತಂಡದ ವಿರುದ್ಧ. ಮಾರ್ಚ್ 12ರಂದು ಪೆರಿ ಅವರು 15 ರನ್ನಿಗೆ ಆರು ವಿಕೆಟ್ ಪಡೆದು ಮುಂಬಯಿಯನ್ನು 113 ರನ್ನಿಗೆ ನಿಲ್ಲಿಸಿದರು. ಮಾರ್ಚ್ 15ರಂದು ಅದೇ ಮುಂಬಯಿಯ ಎದುರು ಮತ್ತೊಮ್ಮೆ ಆಡಬೇಕಾಯಿತು. ಸೋತವರು ಮನೆಗೆ, ಗೆದ್ದವರು ಫೈನಲ್ಲಿಗೆ. ಬೆಂಗಳೂರು 135 ರನ್ ಮಾಡಿತು. ಅದರಲ್ಲಿ 66 ಪೆರಿ ಅವರವು. ಕೊನೆಯ ಓವರಿನಲ್ಲಿ ಮುಂಬಯಿಗೆ 12 ರನ್ ಬೇಕಾಗಿದ್ದವು. ಚೆಂಡು ಆಶಾ ಅವರ ಕೈಗೆ ಬಂದಿತು. ಮುಂಬಯಿಯವರಿಗೆ ಅಷ್ಟು ರನ್ ಸಿಗಲಿಲ್ಲ. ಐದು ರನ್ನುಗಳ ಗೆಲುವು.

ಮಾರ್ಚ್ 17, ಭಾನುವಾರ. ದೆಹಲಿಯ ಮೈದಾನದಲ್ಲಿ ದೆಹಲಿಯ ತಂಡದ ವಿರುದ್ಧ ಫೈನಲ್. ದೆಹಲಿಯವರು ಏಳು ಓವರುಗಳಲ್ಲಿ ಒಂದೂ ವಿಕೆಟ್ ಕಳೆದುಕೊಳ್ಳದೆ 64 ರನ್ ಹೊಡೆದರು. ಶಫಾಲಿ ವರ್ಮಾ ಅವರ ಹೊಡೆತಕ್ಕೆ ಚೆಂಡು ಎಲ್ಲಿ ಹೋಗುತ್ತಿದೆ ಎಂದೇ ತಿಳಿಯುತ್ತಿರಲಿಲ್ಲ. ಇನ್ನೇನು, ಬೆಂಗಳೂರಿನ ಕಥೆ ಮುಗಿಯಿತು ಎಂದೇ ಎಲ್ಲರೂ ಎಂದುಕೊಂಡರು. ಎಂಟನೆಯ ಓವರಿಗೆ ಆಸ್ಟ್ರೇಲಿಯಾದ ಸೋಫಿ ಮೋಲಿನೂ ಚೆಂಡು ಹಿಡಿದರು. ಅವರದು ಎಡಗೈ ಸ್ಪಿನ್. ಆ ಒಂದು ಓವರಿನಲ್ಲಿ ಶಫಾಲಿ ಔಟ್. ಜೆಮಿಮಾ ಔಟ್. ಕ್ಯಾಪ್ಸಿ ಔಟ್. ರನ್ನು 64 ಇದ್ದಲ್ಲಿಯೇ ಇದ್ದಿತು, ಮೂರು ವಿಕೆಟ್ ಹೋಗಿದ್ದವು. ಆಮೇಲೆ ಶ್ರೇಯಾಂಕಾ ಪಾಟೀಲ ಬಂದರು. 12 ರನ್ನಿಗೆ ನಾಲ್ಕು ವಿಕೆಟ್ ಪಡೆದರು. ಆಶಾ ಅವರಿಗೆ ಎರಡು. ಹತ್ತು ವಿಕೆಟ್ಟುಗಳಲ್ಲಿ ಒಂಬತ್ತು ಸ್ಪಿನ್ ಎಸೆತಗಾರ್ತಿಯರಿಗೆ, ಉಳಿದ ಒಂದು ರನ್ ಔಟ್. ದೆಹಲಿ 113ಕ್ಕೆ ಎಲ್ಲರೂ ಔಟ್.

ಬೆಂಗಳೂರು ಅವಸರ ಮಾಡಲಿಲ್ಲ. ಡಿವೈನ್ 32, ಸ್ಮೃತಿ 31 ರನ್ ಮಾಡಿದರು. ಪೆರಿ ಕೊನೆಯವರೆಗೂ ನಿಂತರು. ಆಟ ಕೊನೆಯ ಓವರಿನವರೆಗೂ ಹೋಯಿತು. ಮೂರನೆಯ ಎಸೆತವನ್ನು ಬೌಂಡರಿಗೆ ಅಟ್ಟಿ ಗೆಲುವಿನ ರನ್ ತಂದವರು ಯಾರು? ಒಂದು ವಾರದ ಹಿಂದೆ ಅದೇ ಮೈದಾನದಲ್ಲಿ ಅತ್ತಿದ್ದ ರಿಚಾ ಘೋಷ್. ಆ ವರ್ಷ ಎಲ್ಲರಿಗಿಂತ ಹೆಚ್ಚು ರನ್ ಮಾಡಿದವರು ಪೆರಿ, 347. ಹೆಚ್ಚು ವಿಕೆಟ್ ಪಡೆದವರು ಶ್ರೇಯಾಂಕಾ, 13. ಬಹುಮಾನ 6 ಕೋಟಿ ರೂಪಾಯಿ.

ಇಲ್ಲಿ ಸ್ವಲ್ಪ ವ್ಯಾಕರಣದ ಮಾತು ಬರುತ್ತದೆ, ಬೇಸರಪಡಬೇಡಿರಿ. ಬೆಂಗಳೂರಿನ ಗಂಡಸರ ತಂಡವು 2008ರಿಂದ ಆಡುತ್ತಿತ್ತು. 2009, 2011 ಮತ್ತು 2016ರಲ್ಲಿ ಫೈನಲ್ ತಲುಪಿಯೂ ಸೋತಿತ್ತು. ಅಭಿಮಾನಿಗಳು ಮಾತ್ರ ಪ್ರತಿ ವರ್ಷವೂ "ಈ ಸಲ ಕಪ್ ನಮ್ದೇ" ಎಂದು ಕೂಗುತ್ತಿದ್ದರು. ಬೇರೆಯವರು ಅದನ್ನೇ ಹಿಡಿದು ನಗೆಯಾಡುತ್ತಿದ್ದರು. ಹೆಣ್ಣುಮಕ್ಕಳು ತಮ್ಮ ಎರಡನೆಯ ವರ್ಷಕ್ಕೇ ಕಪ್ ಗೆದ್ದರು. ಆ ರಾತ್ರಿ ಮಾತನಾಡುತ್ತ ಸ್ಮೃತಿ ಮಂಧಾನಾ ಅವರು, ಇಷ್ಟು ದಿನ ಎಲ್ಲರೂ "ಈ ಸಲ ಕಪ್ ನಮ್ದೇ" ಎನ್ನುತ್ತಿದ್ದರು, ಈಗ "ಈ ಸಲ ಕಪ್ ನಮ್ದು" ಎಂದು ಹೇಳಬಹುದು ಎಂದರು. ಕನ್ನಡ ತಮ್ಮ ಮೊದಲ ಭಾಷೆಯಲ್ಲ, ಆದರೂ ಅಭಿಮಾನಿಗಳಿಗಾಗಿ ಅದನ್ನು ಕನ್ನಡದಲ್ಲಿಯೇ ಹೇಳಬೇಕಾಗಿತ್ತು ಎಂದೂ ಹೇಳಿದರು. 'ನಮ್ದು' ಎಂದರೆ 'ನಮ್ಮದು'. ಬೇಡುವವರು, ಹಟ ಹಿಡಿಯುವವರು 'ನಮ್ಮದೇ' ಎಂದು ಒತ್ತಿ ಹೇಳುತ್ತಾರೆ. ಕೈಯಲ್ಲಿ ಇದ್ದವರಿಗೆ ಆ ಒತ್ತು ಬೇಕಾಗಿಲ್ಲ, 'ನಮ್ಮದು' ಎಂದರೆ ಸಾಕು. ಒಂದು ಏಕಾರದಲ್ಲಿ ಹದಿನಾರು ವರ್ಷಗಳ ಕಾಯುವಿಕೆ ಇತ್ತು! ಮರಾಠಿ ಊರಿನಲ್ಲಿ ಬೆಳೆದವರು ಕನ್ನಡದ ಈ ಸೂಕ್ಷ್ಮವನ್ನು ಹಿಡಿದದ್ದು ನನಗೆ ಕಪ್ಪಿನಷ್ಟೇ ಸಂತೋಷ ಕೊಟ್ಟಿತು.

ಎರಡು ದಿನಗಳ ನಂತರ, ಮಾರ್ಚ್ 19ರಂದು, ಬೆಂಗಳೂರಿನಲ್ಲಿ ಒಂದು ಸಮಾರಂಭ ನಡೆಯಿತು. ಗಂಡಸರ ತಂಡದವರು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಸ್ಮೃತಿ ಕಪ್ ಹಿಡಿದುಕೊಂಡು ಆ ಸಾಲುಗಳ ನಡುವೆ ನಡೆದುಬಂದರು. ಅದೇ ದಿನ ತಂಡದ ಹೆಸರು ಇಂಗ್ಲಿಷಿನಲ್ಲಿ 'ಬ್ಯಾಂಗಲೋರ್' ಎಂದಿದ್ದುದು 'ಬೆಂಗಳೂರು' ಎಂದಾಯಿತು. ಗಂಡಸರ ತಂಡ ಮೊದಲ ಸಲ ಕಪ್ ಗೆದ್ದದ್ದು ಮುಂದಿನ ವರ್ಷ, 2025ರ ಜೂನ್ 3ರಂದು. ಅಂದರೆ ಅಣ್ಣಂದಿರಿಗಿಂತ ಮೊದಲೇ ತಂಗಿಯರು ಮನೆಗೆ ಕಪ್ ತಂದಿದ್ದರು.

ತಂಡ ಯಾರದು ಎಂಬ ಪ್ರಶ್ನೆ ನಮ್ಮ ಮಕ್ಕಳಲ್ಲಿ ಆಗಾಗ ಏಳುತ್ತದೆ. ಮುಂಬಯಿ ಮತ್ತು ಬೆಂಗಳೂರು ಆಡುವಾಗ ಯಾರ ಕಡೆ ಇರಬೇಕು? ನಾವು ಇರುವ ರಾಜ್ಯದ ರಾಜಧಾನಿ ಮುಂಬಯಿ. ನಾವು ಓದುವ ಭಾಷೆಯ ರಾಜಧಾನಿ ಬೆಂಗಳೂರು. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನಾರಚನೆಯಾದಾಗ ಈ ಕಡೆಗೆ ಬಂದವು. ಅಜ್ಜಿಯ ಮನೆ ಬಸವಕಲ್ಯಾಣದಲ್ಲಿ, ಶಾಲೆ ಉಮರ್ಗಾದಲ್ಲಿ ಎನ್ನುವ ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ? ಬೆಂಗಳೂರು ತಂಡವನ್ನು ನೋಡಿದರೆ ಈ ಪ್ರಶ್ನೆ ಅಷ್ಟು ಕಠಿಣವೆನಿಸುವುದಿಲ್ಲ. ಮೊದಲ ಕಪ್ ಗೆದ್ದಾಗ ಅದರ ನಾಯಕಿ ಮಹಾರಾಷ್ಟ್ರದವರು. ಕೊನೆಯ ರನ್ ಹೊಡೆದವರು ಬಂಗಾಲದವರು. ಹೆಚ್ಚು ವಿಕೆಟ್ ಪಡೆದವರು ಕರ್ನಾಟಕದವರು. ಮುಂಬಯಿಯ ಎದುರು ಕೊನೆಯ ಓವರ್ ಎಸೆದವರು ಕೇರಳದವರು. ಯಾರ ಕಡೆಗಾದರೂ ಇರಿ, ಮನೆಯಲ್ಲಿ ಜಗಳ ಮಾತ್ರ ಮಾಡಬೇಡಿ.

2025ರಲ್ಲಿ ತಂಡಕ್ಕೆ ಒಳ್ಳೆಯ ಆರಂಭ ಸಿಕ್ಕಿತು. ಮೊದಲ ಪಂದ್ಯದಲ್ಲಿಯೇ ರಿಚಾ 27 ಎಸೆತಗಳಲ್ಲಿ 64 ರನ್ ಹೊಡೆದು, 202 ರನ್ನುಗಳ ಗುರಿಯನ್ನು ಮುಟ್ಟಿಸಿದರು. ಆದರೆ ಆಮೇಲೆ ಸಾಲಾಗಿ ಐದು ಸೋಲು. ಬೆಂಗಳೂರಿನಲ್ಲಿ ಆಡಿದ ನಾಲ್ಕೂ ಪಂದ್ಯಗಳಲ್ಲಿ ಸೋತರು. ಅವುಗಳಲ್ಲಿ ಒಂದು ಸಮವಾಗಿ, ಸೂಪರ್ ಓವರ್ ಆಡಿಸಬೇಕಾಯಿತು. ಅದರಲ್ಲಿಯೂ ಸೋಲು. ಮತ್ತೆ ನಾಲ್ಕನೆಯ ಸ್ಥಾನ.

ಅದೇ ವರ್ಷ ನವೆಂಬರ್ 2ರಂದು ನವಿಮುಂಬಯಿಯಲ್ಲಿ ಭಾರತದ ಮಹಿಳೆಯರು ವಿಶ್ವಕಪ್ ಗೆದ್ದರು. ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿದರು. ಸ್ಮೃತಿ ಆ ತಂಡದ ಉಪನಾಯಕಿ. ಆ ವಿಶ್ವಕಪ್ಪಿನಲ್ಲಿ ಭಾರತದ ಪರವಾಗಿ ಎಲ್ಲರಿಗಿಂತ ಹೆಚ್ಚು, 434 ರನ್ ಮಾಡಿದವರು ಅವರೇ. ರಿಚಾ ಮತ್ತು ರೇಣುಕಾ ಅವರೂ ಆ ತಂಡದಲ್ಲಿದ್ದರು. ಫೈನಲ್ಲಿನಲ್ಲಿ ದಕ್ಷಿಣ ಆಫ್ರಿಕಾದ ಕೊನೆಯ ವಿಕೆಟ್ಟಾಗಿ ಔಟಾದವರು ನದೀನ್ ಡಿ ಕ್ಲರ್ಕ್. ಎರಡು ತಿಂಗಳು ಕಳೆಯುವಷ್ಟರಲ್ಲಿ ಆಕೆಯೇ ಬೆಂಗಳೂರಿನ ಕೆಂಪು ಅಂಗಿ ತೊಟ್ಟು ನವಿಮುಂಬಯಿಗೆ ಬಂದರು. 2026ರ ಲೀಗಿನ ಮೊದಲ ಪಂದ್ಯದಲ್ಲಿ ಮುಂಬಯಿಯ ವಿರುದ್ಧ ನಾಲ್ಕು ವಿಕೆಟ್ ಪಡೆದು, ಔಟಾಗದೆ 63 ರನ್ ಹೊಡೆದು ತಂಡವನ್ನು ಗೆಲ್ಲಿಸಿದರು. ವೃತ್ತಿಪರ ಆಟದಲ್ಲಿ ಹೀಗೂ ಆಗುತ್ತದೆ. ನಿನ್ನೆಯ ಎದುರಾಳಿ ಇಂದಿನ ಜೊತೆಗಾರ್ತಿ.

ಆ ವರ್ಷದ ಫೈನಲ್ ಫೆಬ್ರುವರಿಯಲ್ಲಿ ನಡೆಯಿತು. ಎದುರಾಳಿ ಮತ್ತೆ ದೆಹಲಿಯೇ. ಈ ಸಲ ಗುರಿ ಚಿಕ್ಕದಾಗಿರಲಿಲ್ಲ, ಗೆಲ್ಲಲು 204 ರನ್ ಬೇಕಾಗಿತ್ತು. ಸ್ಮೃತಿ ಒಬ್ಬರೇ 87 ರನ್ ಹೊಡೆದರು. ಬೆಂಗಳೂರು ಎರಡನೆಯ ಸಲ ಕಪ್ ಎತ್ತಿತು. ಆ ಪಂದ್ಯ ನಡೆದದ್ದು ವಡೋದರಾದಲ್ಲಿ. ಹದಿನೇಳು ವರ್ಷದ ಹುಡುಗಿಯಾಗಿದ್ದಾಗ ಅವರು ದ್ರಾವಿಡ್ ಅವರ ಬ್ಯಾಟು ಹಿಡಿದು 224 ರನ್ ಹೊಡೆದಿದ್ದ ಊರು ಅದೇ. ಮೈದಾನ ಮಾತ್ರ ಬೇರೆ.